ಇನ್ನೊಂದು ಮೀಟರಿನ ಸಾಕ್ಷಿ

ಲ್ಯಾಬಿನ ಬೀಗ ಮುರಿದಿರಲಿಲ್ಲ. ಕೀಲಿಯಿಂದಲೇ ತೆಗೆದು ಒಳಬಂದವರು ಮೇಜಿನ ಮೇಲಿದ್ದ ಪರೀಕ್ಷಾ ಮೀಟರನ್ನು ಮಾತ್ರ ಒಯ್ದಿದ್ದರು. ಪಕ್ಕದ ಹೊಸ ಲ್ಯಾಪ್‌ಟಾಪ್ ಇದ್ದಲ್ಲೇ ಇತ್ತು.

ಹೊಸಪೇಟೆ, 2007. ಅದಿರು ಲಾರಿ ತೂಗುವ ವೇಬ್ರಿಜ್‌ಗಳ ಎಲೆಕ್ಟ್ರಾನಿಕ್ ಕಾರ್ಡು ಪರೀಕ್ಷಿಸುವುದು ಆ ಲ್ಯಾಬಿನ ಕೆಲಸ. ಅಂದು ಸಂಡೂರಿನ ಒಂದು ಗಣಿಯ ಕಾರ್ಡಿನ ಸರದಿ. ಅದು ತೂಕ ಕಡಿಮೆ ತೋರಿಸುತ್ತದೆಂದು ದೂರಿತ್ತು.

ಕೀಲಿ ಇದ್ದದ್ದು ಮೂವರ ಬಳಿ. ಮಾಲೀಕ ನಾಗೇಂದ್ರಪ್ಪ, ಹಿರಿಯ ಇಂಜಿನಿಯರ್ ಹಾಲೇಶ್, ಸೇರಿ ವರ್ಷ ತುಂಬದ ಅಂಜಲಿ. ಹಿಂದಿನ ಸಂಜೆ ಬೀಗ ಹಾಕಿದ್ದು ಅಂಜಲಿ. ಎಲ್ಲರ ಕಣ್ಣೂ ಅವಳ ಮೇಲೆ. ಅವಳ ತಾಯಿ ಕರೆಮ್ಮ ಚಿತ್ತವಾಡ್ಗಿಯಿಂದ ಓಡಿಬಂದು ಬಾಗಿಲಲ್ಲೇ ನಿಂತಿದ್ದರು. ಓಣಿಯ ಮೊದಲ ಇಂಜಿನಿಯರ್ ಅವರ ಮಗಳು. ಕಳ್ಳಿ ಅನ್ನಿಸಿಕೊಂಡರೆ ಮತ್ತೆ ಕೆಲಸ ಕೊಡುವವರು ಯಾರು?

ಸಬ್ ಇನ್‌ಸ್ಪೆಕ್ಟರ್ ಸುವರ್ಣಮ್ಮ ಚಹಾ ತರಿಸಿದರು. ಹಾಲೇಶನತ್ತ ತಿರುಗಿದರು.

“ಇನ್ನ ಪರೀಕ್ಷೆ ಹೆಂಗ್ರಿ?”

“ಎಲ್ಲೀದು ಮೇಡಂ. ಪರೀಕ್ಷೆ ನಡೆಸೋ ಕಂಪ್ಯೂಟರ್ ಪ್ರೋಗ್ರಾಂ ಆ ಮೀಟರಿಗೇ ಬರೆದದ್ದು. ಬ್ಯಾರೆ ಕಂಪನೀದು ಇಟ್ರ ನಡೆಯಂಗಿಲ್ಲ. ಕಾರ್ಡು ವಾಪಸ್ ಕಳಿಸೋದೇ.”

“ಅದು ಹಳೇ ಪ್ರೋಗ್ರಾಂ ಸರ್,” ಅಂದಳು ಅಂಜಲಿ.

ಹಾಲೇಶ್ ಎರಡು ತಿಂಗಳು ಸಂಡೂರಿನ ಗಣಿಯಲ್ಲೇ ಇದ್ದು ನಿನ್ನೆಯಷ್ಟೇ ತನ್ನ ಜೀಪಿನಲ್ಲಿ ಮರಳಿದ್ದ. ಆ ನಡುವೆ ಅವಳು ನಾಗೇಂದ್ರಪ್ಪನವರನ್ನು ಒಪ್ಪಿಸಿ, ಮೀಟರ್ ಕಂಪನಿಗಳೆಲ್ಲ ಕೂಡಿ ಒಪ್ಪಿದ ಒಂದೇ ನಿಯಮಕ್ಕೆ ಪ್ರೋಗ್ರಾಂ ಬದಲಿಸಿದ್ದಳು. ಈಗ ಅದು ವೋಲ್ಟೇಜ್ ಎಷ್ಟೆಂದು ಕೇಳುತ್ತದೆ, ಅಷ್ಟೇ. ಯಾವ ಮೀಟರನ್ನು ಹೇಗೆ ಕೇಳಬೇಕೆಂಬುದು ಆಯಾ ಮೀಟರಿನ ಜೊತೆ ಬರುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶಕ್ಕೆ ಬಿಟ್ಟದ್ದು.

“ಸಿಲಿಂಡರ್ ಬದಲಿ ಮಾಡಿದ್ರೂ ಒಲಿ ಅದೇ ಅನ್ನು,” ಅಂದರು ಸುವರ್ಣಮ್ಮ.

* * *

ಅಂಜಲಿ ಫೋನ್ ಮಾಡಿದ ಮೇಲೆ, ಕಂಪ್ಲಿಯಲ್ಲಿ ರೈಸ್‌ಮಿಲ್ ಯಂತ್ರ ರಿಪೇರಿ ಮಾಡುವ ಜಂಬಯ್ಯನ ಮೀಟರ್ ಮಧ್ಯಾಹ್ನದ ಬಸ್ಸಿಗೆ ಬಂತು. ಬೇರೆ ಕಂಪನಿಯದು. ಅಂಜಲಿ ಅದರ ಡ್ರೈವರ್ ಹಾಕಿ ಸೆಟ್ಟಿಂಗ್‌ನಲ್ಲಿ ಮೀಟರಿನ ಹೆಸರು ಬದಲಿಸಿದಳು. ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಪರೀಕ್ಷೆ ಓಡಿತು. ಭಾರ ಏರಿದಂತೆ ಕಾರ್ಡು ತೂಕ ನುಂಗುತ್ತಿತ್ತು.

ಹಾಲೇಶನ ಚಹಾ ಹಾಗೇ ಆರಿತ್ತು.

“ಲ್ಯಾಪ್‌ಟಾಪ್ ಬಿಟ್ಟು ಮೀಟರ್ ಒಯ್ದವ್ರಿಗೆ ರೊಕ್ಕ ಬೇಕಿರಲಿಲ್ಲ,” ಅಂದರು ಸುವರ್ಣಮ್ಮ. “ಪರೀಕ್ಷೆ ನಿಲ್ಲಬೇಕಿತ್ತು. ಮೀಟರ್ ಹೋದ್ರ ಅದು ನಿಲ್ತದಂತ ನಂಬಿದವ್ರು ಯಾರು? ಪ್ರೋಗ್ರಾಂ ಬದಲಿ ಮಾಡಿದಾಕಿ ಅಲ್ಲ. ಮಾಡು ಅಂದ ಮಾಲೀಕ್ರೂ ಅಲ್ಲ. ಗೊತ್ತಿಲ್ಲದವ್ರು ನೀವೊಬ್ರೇ. ಜೀಪಿನ ಕೀಲಿ ಕೊಡ್ರಿ.”

ಮೀಟರ್ ಸೀಟಿನ ಕೆಳಗೆ ಸಿಕ್ಕಿತು. ತೂಕ ಕಡಿಮೆ ತೋರಿಸಿ ಸರ್ಕಾರದ ರಾಜಧನ ತಪ್ಪಿಸುವ ಗಣಿಯವರಿಗಾಗಿ ಕಾರ್ಡು ತಿದ್ದಿದ್ದೂ ತಾನೇ ಎಂದು ಹಾಲೇಶ್ ಒಪ್ಪಿಕೊಂಡ.

* * *

ಹಾಲೇಶನನ್ನು ಕೂರಿಸಿಕೊಂಡು ಪೊಲೀಸ್ ಜೀಪು ಹೋದ ಮೇಲೆ ಕರೆಮ್ಮ ಒಳಗೆ ಬಂದು ಮಗಳ ಮೇಜಿನ ಪಕ್ಕ ಕೂತರು.

“ಇದ್ರಾಗ ನೀ ಮಾಡಿದ್ದು ಯಾವ್ದವ್ವಾ?”

“ಅದು ಕಣ್ಣಿಗೆ ಕಾಣಂಗಿಲ್ಲವ್ವ.”

“ಇರಲಿ. ಓಣ್ಯಾಗ ನಾ ಹೇಳ್ತೀನಿ ಬಿಡು.”