ಮೆಂತ್ಯದ ಗಂಜಿ

"ತಳ ಹಿಡಿಯತ್ತೆ, ತಿರುವು, ತಿರುವು," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಿಳಾ ಸೌಟು ಆಡಿಸುತ್ತಿದ್ದಳು.

ಕೆಂಪಕ್ಕಿ ಬೆಂದಿತ್ತು. ಗುಟ್ಟಾಗಿ ನೆನೆಹಾಕಿದ್ದ ಮೆಂತ್ಯ, ಹಿಡಿ ಬೆಳ್ಳುಳ್ಳಿ, ಒಣಶುಂಠಿ ಎಲ್ಲ ಬಿದ್ದಿತ್ತು. ಎಣ್ಣೆ ತರಲು ವೈದ್ಯಶಾಲೆಗೆ ಹೋದ ಅಮ್ಮಮ್ಮ ಬರುವುದರೊಳಗೆ ಮುಗಿಯಬೇಕು.

ಹೋದ ವರ್ಷ ಚಿಕ್ಕಮ್ಮನ ಬಾಣಂತನದಲ್ಲಿ ಅಮ್ಮಮ್ಮ ದಿನಾ ಇದನ್ನೇ ಮಾಡಿದ್ದರು. ಕುಡಿದ ಚಿಕ್ಕಮ್ಮ ಗುಂಡುಕಲ್ಲಿನ ಹಾಗಾಗಿದ್ದಳು. ಈ ಸಲ ಅಮ್ಮನಿಗೆ ಬರೀ ಜೀರಿಗೆ ಗಂಜಿ. ಅಮ್ಮ ಎರಡು ಚಮಚ ಕುಡಿದು ಗೋಡೆ ಕಡೆ ತಿರುಗುತ್ತಿದ್ದಳು.

ಪಾಪು ಮನೆಗೆ ಬರಲೇ ಇಲ್ಲ. ಆಸ್ಪತ್ರೆಯಲ್ಲೇ ಮೂರನೇ ದಿನ ಹೋಗಿಬಿಟ್ಟಿತು. ಆ ದುಃಖದಲ್ಲಿ ಅಮ್ಮಮ್ಮನಿಗೆ ಮೆಂತ್ಯ ಮರೆತಿದೆ ಎಂದು ನಿಳಾಗೆ ಖಾತ್ರಿಯಾಗಿತ್ತು. ಹೀಗೇ ಆದರೆ ಅಮ್ಮ ಎದ್ದು ಓಡಾಡುವುದು ಯಾವಾಗ?

ಬಟ್ಟಲು ಹತ್ತಿರ ಬಂದಾಗ ಅಮ್ಮ ಸುಮ್ಮನೆ ಅದನ್ನೇ ನೋಡಿದಳು.

"ನೀನೇ ಮಾಡಿದ್ಯಾ?"

"ಹೂಂ. ಬೆಳ್ಳುಳ್ಳಿ ಸುಲಿದಿದ್ದೂ ನಾನೇ. ಉಗುರೆಲ್ಲ ಉರೀತಿದೆ."

ಅಮ್ಮನ ಕಣ್ಣು ತುಂಬಿತು. ಗಂಜಿ ಬಿಸಿ ಇರಬೇಕೆಂದುಕೊಂಡಳು ನಿಳಾ. ಅಮ್ಮ ಒಂದು ಹನಿಯೂ ಬಿಡದೆ ಕುಡಿದಳು. ನಿಳಾಗೆ ಹಿಗ್ಗೋ ಹಿಗ್ಗು.

ಮರುದಿನ ಬೆಳಿಗ್ಗೆ ಎಣ್ಣೆ ಹಚ್ಚಲು ಕೂತ ಅಮ್ಮಮ್ಮನ ಕೈ ಅರ್ಧಕ್ಕೇ ನಿಂತಿತು.

"ಇದೇನೇ, ಬೆವರೆಲ್ಲ ಮೆಂತ್ಯ ನಾರ್ತಿದೆ?"

ಅಮ್ಮನ ಮೈ ಸುಡುತ್ತಿತ್ತು. ಎದೆಯ ಬಳಿ ರವಿಕೆ ಒದ್ದೆಯಾಗಿತ್ತು.

"ನಾನೇ ಕೇಳಿ ಮಾಡಿಸ್ಕೊಂಡೆ," ಎಂದಳು ಅಮ್ಮ.

"ಮಗಳನ್ನ ಕಾಯಕ್ಕೆ ಸುಳ್ಳು ಬೇರೆ." ಅಮ್ಮಮ್ಮ ನಿಳಾ ಕಡೆ ತಿರುಗಿದರು. "ಹಾಲು ಹೆಚ್ಚಲಿ ಅಂತ ಕೊಡೋ ಗಂಜಿ ಕಣೇ ಅದು. ಈ ಹಾಲನ್ನ ಯಾರಿಗೆ ಕುಡಿಸೋಣ, ಹೇಳು?"

ನಿಳಾ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಶಕ್ತಿ ಬರತ್ತೆ ಅಂತ ಮಾಡ್ದೆ..."

"ಬೈಬೇಡಮ್ಮ," ಎಂದಳು ಅಮ್ಮ. "ವಾಸನೆಗೇ ನಂಗೆ ಗೊತ್ತಾಗಿತ್ತು. ಆದ್ರೂ ಕುಡೀಬೇಕು ಅನ್ನಿಸ್ತು."

ಅಮ್ಮಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ತಂಗಮಣಿ ಮನೆಗೆ ಹೋಗಿ ಮಲ್ಲಿಗೆ ತಗೊಂಡ್ಬಾ. ಎದೆಗೆ ಕಟ್ಟಿದ್ರೆ ಹಾಲು ಬತ್ತತ್ತೆ. ಎಷ್ಟಿದ್ರೂ ಬೇಕು."

ಪಕ್ಕದ ಮನೆಯ ತಂಗಮಣಿ ಚೇಚಿ ನಿಳಾಗೆ ಅಕ್ಕನ ಹಾಗೆ; ವಿಷಯ ಕೇಳಿದ್ದೇ ಅಂಗಳಕ್ಕೆ ಇಳಿದರು. ಗಿಡದಲ್ಲಿದ್ದ ಹೂವನ್ನೆಲ್ಲ ಕಿತ್ತು ಬಾಳೆಲೆಯಲ್ಲಿ ಹಾಕಿದರು. ಬೆಳಿಗ್ಗೆ ಕಟ್ಟಿಟ್ಟಿದ್ದ ಒಂದು ಚಿಕ್ಕ ದಂಡೆಯನ್ನು ನಿಳಾಳ ಜಡೆಗೆ ಮುಡಿಸಿದರು. "ನಿಂಗಿರಲಿ, ಸ್ಕೂಲಿಗೆ."

ಗೇಟು ದಾಟಿದ ಮೇಲೆ ನಿಳಾ ನಿಂತಳು. ಜಡೆಯಿಂದ ದಂಡೆ ತೆಗೆದಳು. ನೂಲು ಬಿಚ್ಚಿ, ಹೂವುಗಳನ್ನು ಒಂದೊಂದಾಗಿ ಬಾಳೆಲೆಗೆ ಉದುರಿಸಿಕೊಂಡು ಮನೆಯ ಕಡೆ ಬೇಗ ಬೇಗ ನಡೆದಳು.