ರಿಜೆಕ್ಟ್ ಅಲ್ಲ, ಆಲ್ಟರ್

"ನೋಡ್ಬೇಡಿ!"

ಹೊಲಿಗೆ ಯಂತ್ರಗಳ ಗದ್ದಲವನ್ನೂ ಮೀರಿ ಅಂಜಿನಿಯ ಧ್ವನಿ ಎದ್ದಿತು. ಅಮರಾಪುರದಿಂದ ರಾಯದುರ್ಗದ ಈ ಜೀನ್ಸ್ ಘಟಕಕ್ಕೆ ಬಂದ ಎರಡು ವರ್ಷದಲ್ಲಿ ಅವಳು ಇಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ!

ಆರೋಗ್ಯ ಶಿಬಿರಕ್ಕೆ ಬಳ್ಳಾರಿ ಆಸ್ಪತ್ರೆಯಿಂದ ಬಂದಿದ್ದ ಸಂಶೋಧನಾ ಸಹಾಯಕ ರಘುನಾಥ್ ಮಾತ್ರ ಕಣ್ಣು ತೆಗೆಯಲಿಲ್ಲ. ವೇಲ್ ಜಾರಿದ ಅವಳ ಕತ್ತಿನಲ್ಲಿ ಹುಣಸೆಬೀಜದಂಥ ಗಂಟು...

"ಎಷ್ಟ್ ದಿನ ಆತ್ರಿ ಇದು?"

"ನಿಮಗ್ಯಾಕೆ? ಕುಯ್ಯಕ್ಕಾ?"

"ಲಿಂಫೋಮಾ ಅಂತ ಒಂದು ಕ್ಯಾನ್ಸರ್ ಐತ್ರಿ. ಇದು ಅದೋ ಅಲ್ಲೋ ತಿಳಿಯಾಕ ಗಂಟಿನ ತುಣುಕು ತೆಗೀಬೇಕು. ಅದ್ರ ಜೋಡಿ ರಕ್ತಾನೂ ತಗೊಂತೀವಿ. ರಕ್ತದಾಗ ಅದೇ ಉತ್ತರ ಸಿಕ್ರ, ಮುಂದ ಬರೋರಿಗೆ ಕುಯ್ಯೋದು ತಪ್ಪತೈತಿ. ಅದೇ ನಮ್ಮ ಸಂಶೋಧನೆ."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಕ್ಷಣ ಯೋಚಿಸಿದಳು.

"ಹೊಲಿಗೆ ಬಿಚ್ಚದೆ ಒಳಗಿನ ತಪ್ಪು ಹುಡುಕೋದು... ಅಲ್ವಾ?"

"ಇಷ್ಟ್ ಚೆಂದ ನಮ್ಮ ಡಾಕ್ಟರಿಗೂ ಹೇಳಾಕ ಬರಂಗಿಲ್ರಿ!"

ಅಂಜಿನಿ ಬಳ್ಳಾರಿ ಆಸ್ಪತ್ರೆಗೆ ಹೋಗಿ ತುಣುಕೂ ಕೊಟ್ಟಳು, ರಕ್ತವನ್ನೂ ಕೊಟ್ಟಳು. ಆಮೇಲೆ ಘಟಕಕ್ಕೆ ರಜೆಯಿಲ್ಲದ ಎರಡು ಭಾನುವಾರ ಗಾಯ ಹೇಗಿದೆಯೆಂದು ಕೇಳುವ ನೆಪದಲ್ಲಿ ಅವನು ಬಂದ.

"ಗಾಯ ನೋಡಾಕ ಬಂದಾನೋ, ಗಾಯ ಮಾಡಾಕ ಬಂದಾನೋ!" ಪಕ್ಕದ ಯಂತ್ರದ ಪಾಪಕ್ಕ ನಕ್ಕಳು. ಅಂಜಿನಿ ತಲೆ ಎತ್ತಲಿಲ್ಲ. ಆದರೆ ಅವತ್ತು ಅವಳ ಹೊಲಿಗೆ ಎರಡು ಸಲ ಓರೆಯಾಯಿತು...

ಮರುವಾರ ಘಟಕದ ಫೋನ್ ಎತ್ತಿದ್ದ ಪಾಪಕ್ಕ ಪೆಚ್ಚುಮೋರೆ ಹಾಕಿಕೊಂಡು ಬಂದಳು.

"ಆ ಹುಡುಗ ಫೋನ್ ಮಾಡಿದ್ದ. ನಿನ್ನ ಸ್ಯಾಂಪಲ್... ರಿಜೆಕ್ಟ್ ಆಗೇತಂತ."

ರಿಜೆಕ್ಟ್! ಆ ಮಾತಿಗೆ ಇಲ್ಲಿ ಒಂದೇ ಅರ್ಥ. ಕೆಂಪು ಸೀಮೆಸುಣ್ಣದ ಗೀಟು, ಮೂಲೆಯಲ್ಲಿ ಕೆಟ್ಟ ಪೀಸುಗಳ ರಾಶಿ.

'ನಾನು ಉಳಿಯಲ್ವಾ? ಅದನ್ನೂ ಬೇರೆಯವರ ಬಾಯಲ್ಲಿ ಹೇಳಿಸಿದನಾ?'

ಅತ್ತಳು. ಕಣ್ಣೊರೆಸಿಕೊಂಡಳು. ಬೆಳಿಗ್ಗೆ ಒಬ್ಬಳೇ ಬಳ್ಳಾರಿ ಬಸ್ಸು ಹತ್ತಿದಳು.

"ನನ್ ಮುಖ ನೋಡಿ ಹೇಳಿ! ನಾನು ರಿಜೆಕ್ಟಾ?"

ಆಸ್ಪತ್ರೆಯಲ್ಲಿ ಅವಳನ್ನು ಕಂಡ ರಘುನಾಥ್ ಗಾಬರಿಯಾದ. "ಅಯ್ಯೋ, ನೀವಲ್ರಿ! ಟ್ಯೂಬಿನಾಗ ರಕ್ತ ಹೆಪ್ಪುಗಟ್ಟಿತ್ತು, ಲ್ಯಾಬಿನೋರು ಬ್ಯಾಡ ಅಂದ್ರು. ಇನ್ನೊಂದ್ಸಲ ಕೊಡ್ಬೇಕಷ್ಟ."

"ತುಣುಕಿಂದು?"

ಅವನ ದನಿ ಕುಸಿಯಿತು. "ಈಗ ಬಂತ್ರಿ... ಡಾಕ್ಟರು ಹೇಳ್ತಾರ, ಬರ್ರಿ."

ಡಾಕ್ಟರು ಮುಚ್ಚಿಡಲಿಲ್ಲ. ಲಿಂಫೋಮಾ. ಬೇಗ ಸಿಕ್ಕಿದೆ, ಚಿಕಿತ್ಸೆ ಇದೆ.

ಹೊರಗೆ ಬಂದಾಗ ರಘುನಾಥನ ಕಣ್ಣು ತುಂಬಿತ್ತು.

"ಅಳ್ಬೇಡಿ. ರಿಪೇರಿ ಆಗೋ ಪೀಸನ್ನ ನಾವು ರಿಜೆಕ್ಟ್ ಅನ್ನಲ್ಲ, ಆಲ್ಟರ್ ಅಂತೀವಿ. ನಾನು ಆಲ್ಟರ್ ಪೀಸು. ರಾಶಿಗೆ ಬೀಳಲ್ಲ!"

ರಕ್ತ ತೆಗೆಯುವ ಕೋಣೆಯ ಕುರ್ಚಿಯಲ್ಲಿ ಕೂತು ತಾನೇ ತೋಳು ಚಾಚಿದಳು.

"ತಗೊಳ್ಳಿ ರಕ್ತ. ನನಗೆ ಕುಯ್ದಾಯ್ತು. ನಾಳೆ ಬರೋಳಿಗೆ ಕುಯ್ಯಬಾರದು."

"ಅಂಜಿನಿ... ನಿಮ್ ಜೋಡಿ ಇರ್ಬೇಕ್ರಿ ನಾನು. ಚಿಕಿತ್ಸೆ ಮುಗಿಯೋತನಕ ಅಷ್ಟ ಅಲ್ಲ... ಮುಗದ ಮ್ಯಾಲೂ."

"ಕನಿಕರಕ್ಕಾ?"

"ಅಲ್ರಿ! ಅವತ್ತು 'ನೋಡ್ಬೇಡಿ' ಅಂದ್ರಲ್ಲ... ಅವತ್ತಿಂದ ಬ್ಯಾರೆ ಯಾರ್ನೂ ನೋಡಾಕ ಆಗವಲ್ದು."

ಅಂಜಿನಿ ಕತ್ತಿನ ವೇಲ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೊಲಿಗೆ ಬಿದ್ದ ಗಾಯ ಬೆಳಕಿಗೆ ಬಂತು.

"ಹಂಗಾದ್ರೆ... ಈಗ ನೋಡಿ."