ತೊಂಬತ್ತು ಮೀಟರ್ ನೀಲಿ ಪಟ್ಟಿ

ಹನ್ನೆರಡನೇ ತಾರೀಕು, ಗುರುವಾರ ಬೆಳಿಗ್ಗೆ 9.10ಕ್ಕೆ ಠಾಣೆಗೆ ದೂರು ಬಂತು. ತೊಂಬತ್ತು ಮೀಟರ್ ಉದ್ದದ, ಎರಡು ಬೆರಳಗಲದ ನೀಲಿ ಪಟ್ಟಿ ಕಳುವಾಗಿದೆ.

"ಯಾತಕ್ಕೆ ಬಳಸೋದು ಅದನ್ನ?" ಹೆಡ್ ಕಾನ್‌ಸ್ಟೆಬಲ್ ಕೇಳಿದಳು.

"ಮೇಲೆ ನಡೆಯೋಕೆ, ಮೇಡಂ."

"ನೆಲ ಇದೆಯಲ್ಲಪ್ಪ."

ದೂರುದಾರ ಇಪ್ಪತ್ತಾರರ ಯುವಕ. ತಾಳ್ಮೆಯಿಂದ ವಿವರಿಸಿದ. ಪಾಳುಬಿದ್ದ ಕಲ್ಲುಗಣಿಯ ಈ ಅಂಚಿನಿಂದ ಆ ಅಂಚಿಗೆ ಪಟ್ಟಿ ಬಿಗಿದು, ಸೊಂಟಕ್ಕೆ ಸುರಕ್ಷತಾ ಹಗ್ಗ ಕಟ್ಟಿಕೊಂಡು ದಾಟುವ ಆಟಕ್ಕೆ ಹೈಲೈನ್ ಎನ್ನುತ್ತಾರೆ. ಕೆಳಗೆ ಅರವತ್ತು ಮೀಟರ್ ಆಳ. ಇಷ್ಟು ದಿನ ಅರ್ಧಕ್ಕೆ ಹೋಗಿ ಬರುತ್ತಿದ್ದ. ಭಾನುವಾರ ಪೂರ್ತಿ ದಾಟಬೇಕಿತ್ತು.

"ಮನೇಲಿ ಯಾರೂ ಬೈಯಲ್ವಾ?"

"ಇರೋದು ಅಕ್ಕ ಒಬ್ಬಳೇ. ಹಗ್ಗದ ಗಂಟನ್ನೆಲ್ಲ ಅವಳೇ ಕಟ್ಟೋದು."

ಪಕ್ಕದಲ್ಲಿದ್ದ ಅಕ್ಕ ತಲೆಯೆತ್ತಲಿಲ್ಲ. ಠಾಣೆಯ ಬೆಂಚಿನ ಸಡಿಲ ಸ್ಕ್ರೂ ಒಂದನ್ನು ಉಗುರಿನಿಂದ ಬಿಗಿ ಮಾಡುತ್ತಿದ್ದಳು.

9.40ಕ್ಕೆ FIR ಸಿದ್ಧವಾಯಿತು. ಇನ್ಸ್‌ಪೆಕ್ಟರ್ ಓದದೆ ಸಹಿ ಹಾಕಿದರು. "ನೀನು ಬರೆದದ್ದಲ್ವಾ, ನೋಡೋದೇನಿದೆ" ಎಂಬುದು ಅವರ ಒಂಬತ್ತು ವರ್ಷದ ಮಾತು. ಹೊಗಳಿಕೆಯೇ ಅದು. ಆದರೂ ಪ್ರತಿ ಸಹಿಗೂ ಹೆಡ್ ಕಾನ್‌ಸ್ಟೆಬಲ್‌ಗೆ ತಪ್ಪಿದ್ದರೆ ಹಿಡಿಯುವವರು ಯಾರೂ ಇಲ್ಲ ಎನಿಸುತ್ತಿತ್ತು.

11.15ಕ್ಕೆ ಗಣಿಯಂಚಿನಲ್ಲಿ ಸ್ಥಳ ಪಂಚನಾಮೆ. ಜೀಪಿಗೂ ಒಂದು ಕಾವಲು ಬೇಕೆಂದು ಇನ್ಸ್‌ಪೆಕ್ಟರ್ ಜೀಪಿನಲ್ಲೇ ಉಳಿದರು. ಪಂಚರಲ್ಲಿ ಒಬ್ಬ ಗಣಿಯ ಕಾವಲುಗಾರ, ಇನ್ನೊಬ್ಬ ಪಂಕ್ಚರ್ ಅಂಗಡಿಯವ. ಇಬ್ಬರೂ ಒಂದೇ ಮರವನ್ನು ತಬ್ಬಿ ನಿಂತರು. ಕಾನ್‌ಸ್ಟೆಬಲ್ ಹಿಂದಿನಿಂದ ಮೇಡಂ ಬೆಲ್ಟ್ ಹಿಡಿದುಕೊಂಡಿದ್ದ. ಹೆಡ್ ಕಾನ್‌ಸ್ಟೆಬಲ್ ಬರೆದಳು. ಪಟ್ಟಿ ಇಟ್ಟಿದ್ದ ಶೆಡ್ಡಿನ ಬೀಗ ಒಡೆದಿರಲಿಲ್ಲ. ಕೀಲಿ ಎಂದಿನಂತೆ ಕಲ್ಲಿನಡಿ ಇತ್ತು. ಕದ್ದವರು ಒಳಗಿನವರೇ.

ಹತ್ತಿರದ ಎರಡು ಮರಗಳ ನಡುವೆ, ಮೊಣಕಾಲೆತ್ತರಕ್ಕೆ, ಅಭ್ಯಾಸದ ಪಟ್ಟಿಯೊಂದಿತ್ತು. ತನಿಖೆಯ ಅಂಗವಾಗಿ ಕಾನ್‌ಸ್ಟೆಬಲ್ ಅದನ್ನು ಹತ್ತಿದ, ತನಿಖೆಯ ಅಂಗವಾಗಿಯೇ ಬಿದ್ದ.

"ಇದ್ಯಾಕೆ ಅಲ್ಲಲ್ಲಿ ತಿರುಚಿಕೊಂಡಿದೆ?" ಹೆಡ್ ಕಾನ್‌ಸ್ಟೆಬಲ್ ದೂರುದಾರನನ್ನು ಕೇಳಿದಳು.

"ಬೇಕಂತಲೇ, ಮೇಡಂ. ಚಪ್ಪಟೆ ಪಟ್ಟಿ ಗಾಳಿಗೆ ಪಟಪಟ ನಡುಗುತ್ತೆ. ತಿರುವು ಕೊಟ್ರೆ ಸುಮ್ಮನಾಗುತ್ತೆ. ನಮ್ಮೋರಿಗಷ್ಟೇ ಗೊತ್ತು ಇದು."

"ಅಕ್ಕ ಕಟ್ಟಿದ ಗಂಟನ್ನ ನೀನು ಪರೀಕ್ಷೆ ಮಾಡ್ತೀಯಾ?"

"ಒಬ್ಬರು ಕಟ್ಟಬೇಕು, ಇನ್ನೊಬ್ಬರು ನೋಡಬೇಕು ಅಂತ ನಿಯಮ ಏನೋ ಇದೆ. ಆದ್ರೆ ಅಕ್ಕ ಕಟ್ಟಿದ್ದಲ್ವಾ, ನೋಡೋದೇನಿದೆ?"

ಹೆಡ್ ಕಾನ್‌ಸ್ಟೆಬಲ್ ಕೈಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಕಳುವಾದ ಪಟ್ಟಿಯ ಉದ್ದ ಬರೆಯಿತು. ಎಲ್ಲರೂ ಸಹಿ ಮಾಡಿದರು.

ಶುಕ್ರವಾರ ಮಧ್ಯಾಹ್ನ 3.30ಕ್ಕೆ ಅಕ್ಕನ ಹೇಳಿಕೆ ಪಡೆಯಲು ಅವಳ ಲಾಂಡ್ರಿಗೆ ಹೋದದ್ದಾಯಿತು. ಹಿತ್ತಲಲ್ಲಿ ಸಾಲುಸಾಲು ಬೆಡ್‌ಶೀಟು. ಜೋರು ಗಾಳಿ. ನೈಲಾನ್ ದಾರಗಳೆಲ್ಲ ಕುಣಿಯುತ್ತಿದ್ದವು. ನಡುವಿನ ಆರು ಸಾಲು ಮಾತ್ರ ಒಳ್ಳೆಯ ಮನೆತನದ ಮಕ್ಕಳಂತೆ ತೆಪ್ಪಗಿದ್ದವು. ಹೆಡ್ ಕಾನ್‌ಸ್ಟೆಬಲ್ ಒಂದು ಬೆಡ್‌ಶೀಟು ಎತ್ತಿದಳು. ನೀಲಿ ಪಟ್ಟಿ. ಅಳತೆ ಹಿಡಿದಂತೆ ತಿರುವುಗಳು.

"ಏನಿದು?"

"ಬಟ್ಟೆ ಒಣಗಿಸೋ ದಾರ."

"ಎಷ್ಟುದ್ದ?"

ಅಕ್ಕ ಬೆಡ್‌ಶೀಟನ್ನು ಮತ್ತೆ ನೆಟ್ಟಗೆ ಹರಡಿದಳು. "ತೊಂಬತ್ತು ಮೀಟರ್."

"ತಿರುವು ಹಾಕದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಕಣಮ್ಮ."

"ನಡುಗ್ತಿತ್ತು, ಮೇಡಂ. ನೋಡ್ತಾ ಇರೋಕಾಗ್ಲಿಲ್ಲ."

4.05ಕ್ಕೆ ಬಂಧನ. ಐದು ಗಂಟೆಗೆ ಠಾಣೆಗೆ ತಮ್ಮ ಓಡಿ ಬಂದ.

"ನೀನಾ, ಅಕ್ಕಾ?"

"ಮೂರು ಸಲ ಹೇಳ್ದೆ. ಒಂದು ಸಲ ಗಂಟು ನೋಡು ಬಾ ಅಂತ."

"ನಿನ್ನ ಮೇಲೆ ನಂಬಿಕೆ ಇತ್ತಲ್ಲ."

"ಅದನ್ನ ನಾನೊಬ್ಬಳೇ ಹೊರಬೇಕಾ? ಹೋದ ತಿಂಗಳು ನೀನು ಅರ್ಧ ಹೋಗಿ ಬಂದೆಯಲ್ಲ, ಅವತ್ತು ಬಿಚ್ಚುವಾಗ ನೋಡಿದೆ. ಸೊಂಟದ ಗಂಟಲ್ಲಿ ಒಂದು ಸುತ್ತು ಕಮ್ಮಿ ಇತ್ತು. ನಾನೇ ಕಟ್ಟಿದ್ದು. ನೀನು ಆಗ ಬನ್ನು ತಿಂತಾ ಇದ್ದೆ."

ತಮ್ಮ ತನ್ನ ಕೈಯನ್ನು ಸೊಂಟದ ಹತ್ತಿರ ತಂದು, ಅಲ್ಲೇ ಇಟ್ಟುಕೊಂಡು ಕೂತ.

ಬಂಧನದ ಕಾಗದಕ್ಕೆ ಸಹಿ ಹಾಕಲು ಪೆನ್ನೆತ್ತಿದ್ದ ಇನ್ಸ್‌ಪೆಕ್ಟರ್ ಅದರ ಮುಚ್ಚಳ ಹಾಕಿದರು. ಡ್ರಾಯರಿನಿಂದ ಕನ್ನಡಕ ತೆಗೆದು, ಇಡೀ ಕಡತವನ್ನು ಮೊದಲಿನಿಂದ ಓದತೊಡಗಿದರು. ಓದಿ ಮುಗಿಸಲು ಹದಿನೈದು ನಿಮಿಷ ಬೇಕಾಯಿತು.

"ಏನಮ್ಮ ಇದು, ಸ್ಥಳ ಪಂಚನಾಮೇಲಿ? ತೊಂಬತ್ತು ಕಿಲೋಮೀಟರ್ ಪಟ್ಟಿ?"

ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದಳು. ಅವಳದೇ ಅಕ್ಷರ. ಕೆಳಗೆ ಇಬ್ಬರು ಪಂಚರು, ಕಾನ್‌ಸ್ಟೆಬಲ್, ದೂರುದಾರ, ಕೊನೆಗೆ ಇನ್ಸ್‌ಪೆಕ್ಟರ್, ಎಲ್ಲರ ಸಹಿ.

"ಇವನು ಈ ಭಾನುವಾರ ಹೊರಟಿದ್ರೆ ಮುಂದಿನ ಭಾನುವಾರ ಆ ಕಡೆ ಮುಟ್ತಿದ್ದ" ಎಂದರು ಇನ್ಸ್‌ಪೆಕ್ಟರ್.

ಅವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ನಿರಾಳ. ಒಂಬತ್ತು ವರ್ಷದ ಮೇಲೆ ಅವಳು ಬರೆದದ್ದನ್ನು ಯಾರೋ ಓದಿದ್ದರು.

ಅಕ್ಕನಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. "ಕೋರ್ಟು ಬಿಡೋವರೆಗೂ ಪಟ್ಟಿ ಇಲ್ಲೇ ಇರುತ್ತೆ. ಅಷ್ಟರಲ್ಲಿ ಗಂಟು ನೋಡೋದು ಕಲಿ" ಎಂದು ಇನ್ಸ್‌ಪೆಕ್ಟರ್ ತಮ್ಮನಿಗೆ ಹೇಳಿದರು. ಕಾನ್‌ಸ್ಟೆಬಲ್ ಪಟ್ಟಿಯನ್ನು ಸುತ್ತಿ, ಮೊಹರಿಗಾಗಿ ದಾರ ಕಟ್ಟಿದ. ತಮ್ಮ ಎದ್ದು ಬಂದು ಆ ಗಂಟನ್ನು ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ನೋಡಿದ.

"ಸಡಿಲ ಇದೆ, ಸಾರ್."

ಕಾನ್‌ಸ್ಟೆಬಲ್ ಮುಖ ಗಂಟಿಕ್ಕಿಕೊಂಡೇ ಬಿಚ್ಚಿ ಮತ್ತೆ ಕಟ್ಟಿದ. ಬೆಂಚಿನ ಮೇಲಿದ್ದ ಅಕ್ಕ ಅದನ್ನು ನೋಡುತ್ತ, ಸ್ಕ್ರೂ ಮೇಲಿಟ್ಟಿದ್ದ ಬೆರಳನ್ನು ತೆಗೆದಳು.

ಕಡತದಲ್ಲಿ ಒಂದು ಸಾಲು ಖಾಲಿ ಉಳಿದಿತ್ತು: ಕೃತ್ಯಕ್ಕೆ ಕಾರಣ. ಹೆಡ್ ಕಾನ್‌ಸ್ಟೆಬಲ್ ಯೋಚಿಸಿ ಬರೆದಳು: "ಕಟ್ಟಿದ್ದನ್ನು ಯಾರೂ ನೋಡುತ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು. ಸಮಯ 6.50.